ಬಾಣದಮ್ಮನ ಮಾಜಿ ಸೊಸೆ

ಬಟ್ಟೆ ಕಾರ್ಖಾನೆಯ ಚೆಕಿಂಗ್ ಟೇಬಲ್ಲಿನ ಮುಂದೆ ಆಯಸ್ಸಿನ ಬಹುಪಾಲು ನಿಂತು ಕಳೆದವಳಿಗೆ ಜಗತ್ತಿನ ಮೇಲೆ ನಂಬಿಕೆ ಹುಟ್ಟುವುದು ಕಷ್ಟ. ಅವಳ ಮುಂದೆ ಬರುತ್ತಿದ್ದುದು ಹೊಲಿದು ಮುಗಿಸಿದ ಅಂಗಿ, ಅದರಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಕಾಲರ್ ಮಗುಚಿ, ತೋಳು ತಿರುವಿ, ಹೊಲಿಗೆಯನ್ನು ಹೆಬ್ಬೆರಳಿನಿಂದ ಜಗ್ಗಿ ನೋಡಿ, ದಾರ ಬಿಟ್ಟ ಕಡೆ, ಗುಂಡಿ ಓರೆಯಾದ ಕಡೆ ಉಗುರಿನಷ್ಟಗಲದ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಬೇಕು. ಬಾಣ ಬಿದ್ದ ಅಂಗಿ ಹೊಲಿದವಳ ಬಳಿಗೆ ವಾಪಸ್ಸು. ಈ ವಿದ್ಯೆಯಲ್ಲಿ ಅವಳದು ಎತ್ತಿದ ಕೈ. ಹಾಗಾಗಿ ಬಾಣದಮ್ಮ ಎಂಬ ಹೆಸರು ಬಿತ್ತು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲೆ ಎದುರಿಗೇ ಕರೆದರು, ಕೊನೆಗೆ ಅವಳೇ ಫೋನೆತ್ತಿ 'ನಾನು ಬಾಣದಮ್ಮ' ಎನ್ನತೊಡಗಿದಳು.

ಈ ಕೆಲಸದಲ್ಲಿ ಹೊರಗಿನವರಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ಕಟ್ಟುಗಟ್ಟಲೆ ಅಂಗಿಗಳು ಒಂದೂ ಬಾಣವಿಲ್ಲದೆ ದಾಟಿಹೋದರೆ ಮೇಲಿನವರು ಹೊಲಿದವಳನ್ನು ಹೊಗಳುವುದಿಲ್ಲ, ಚೆಕ್ಕರ್ ತೂಕಡಿಸುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ಆದ್ದರಿಂದ ಬಾಣದಮ್ಮ ಆಗೊಮ್ಮೆ ಈಗೊಮ್ಮೆ ಏನೂ ಕುಂದಿಲ್ಲದ ಅಂಗಿಗೂ ಒಂದು ಬಾಣ ಹಾಕಿಬಿಡುತ್ತಿದ್ದಳು. ಹೊಲಿದವಳು ಪಾಪ, ನೆಟ್ಟಗಿದ್ದ ಹೊಲಿಗೆಯನ್ನು ಬಿಚ್ಚಿ ಮತ್ತೆ ಅದನ್ನೇ ಹೊಲಿದು ತರುತ್ತಿದ್ದಳು. 'ಈಗ ನೋಡು, ಹೇಗೆ ಕೂತಿದೆ' ಎನ್ನುತ್ತಿದ್ದಳು ಬಾಣದಮ್ಮ. ವರ್ಷಗಳು ಕಳೆದಂತೆ ಯಾವ ಬಾಣ ನಿಜದ್ದು, ಯಾವುದು ಸುಮ್ಮನೆ ಹಾಕಿದ್ದು ಎಂಬುದು ಅವಳಿಗೇ ಮರೆತುಹೋಯಿತು.

ಕೆಲಸದಿಂದ ನಿವೃತ್ತಿಯಾದರೂ ಗುಮಾನಿಗೆ ನಿವೃತ್ತಿ ಇರಲಿಲ್ಲ. ಅಡುಗೆಮನೆಯ ಗೋಡೆಯ ಆಚೆ ಯಾರೋ ಕಸದ ಚೀಲ ಎಸೆದು ಹೋಗುತ್ತಿದ್ದರು. ಅವರನ್ನು ಕೈಯಾರೆ ಹಿಡಿಯಬೇಕೆಂದು ಬಾಣದಮ್ಮ ಸ್ಟೂಲು ಹತ್ತಿ ಮೇಲಿನ ಗವಾಕ್ಷಿಯಲ್ಲಿ ಇಣುಕಿದಳು. ಸ್ಟೂಲು ವಾಲಿತು. ಸೊಂಟದ ಮೂಳೆ ಮುರಿದು, ಆಸ್ಪತ್ರೆಯಲ್ಲಿ ಒಳಗೆ ರಾಡು ಕೂರಿಸಿ ಕಳಿಸಿದರು. ಕಸ ಎಸೆಯುವವರು ಯಾರೆಂದು ಇವತ್ತಿಗೂ ಪತ್ತೆಯಾಗಿಲ್ಲ.

ಇರುವ ಒಬ್ಬ ಮಗ ಲಿಫ್ಟ್ ರಿಪೇರಿಯವನು. ಬೇರೆ ಊರಿನಲ್ಲಿ ಎರಡನೆಯ ಹೆಂಡತಿ, ಹಸುಗೂಸು. ಓಡಿ ಬಂದ, ಆಪರೇಷನ್ ಮಾಡಿಸಿದ, ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಗೊತ್ತು ಮಾಡಿ ಹೋದ. ಆ ಹೆಂಗಸು ಫೋನಿನಲ್ಲಿ ಪಿಸುಗುಡುತ್ತಾಳೆಂದು ಬಾಣದಮ್ಮ ಅವಳನ್ನು ಓಡಿಸಿದಳು. ಇನ್ನೊಬ್ಬಳು ಬಂದಳು. ಅವಳ ಕೈಯಲ್ಲೇ ಸಕ್ಕರೆ ಡಬ್ಬ ತರಿಸಿಕೊಂಡು, ಸಕ್ಕರೆಯ ಮೇಲೆ ಬೆರಳಿನಿಂದ ಗೆರೆ ಎಳೆದು, 'ನಾಳೆ ನೋಡ್ತೀನಿ' ಎಂದಳು ಬಾಣದಮ್ಮ. ಆ ನಾಳೆಗೆ ಆ ಹೆಂಗಸು ಬರಲೇ ಇಲ್ಲ. ಮಗ ಫೋನಿನಲ್ಲಿ ಸಿಡಿದ: "ಅಮ್ಮಾ, ನನ್ನ ಕೈಲಿ ಇನ್ನು ಆಗಲ್ಲ. ಮನೆಗೆ ಬೀಗ ಹಾಕಿ ನಿನ್ನ ಆಶ್ರಮಕ್ಕೆ ಸೇರಿಸ್ತೀನಿ. ಅಲ್ಲಿ ಎಲ್ಲರ ಮೇಲೂ ಬಾಣ ಬಿಡ್ಕೊಂಡು ಕೂತಿರು."

ಬಾಣದಮ್ಮನಿಗೆ ಸಾವಿಗಿಂತ ಹೆಚ್ಚು ಹೆದರಿಕೆ ಇದ್ದದ್ದು ಅದೊಂದಕ್ಕೇ. ಎರಡು ಕೋಣೆಯ ಈ ಮನೆ ಅವಳ ದುಡಿಮೆಯದು. ಎದ್ದು ನಡೆದಾಡಿದರೆ ಮನೆ ಉಳಿಯುತ್ತದೆ. ಎದ್ದೇಳಲು ಒಬ್ಬರ ಕೈ ಬೇಕು. ಆ ಕೈಯನ್ನು ನಂಬುವುದು ಅವಳ ಕೈಲಾಗದು.

ಹೀಗೆ ಒಂಟಿಯಾಗಿ ಬಿದ್ದಿದ್ದ ಬೆಳಿಗ್ಗೆ ಬಾಗಿಲ ಬಳಿ ಚಪ್ಪಲಿ ಬಿಡುವ ಸದ್ದಾಯಿತು. ಆ ಸದ್ದಿನ ಗುರುತು ಬಾಣದಮ್ಮನಿಗೆ ತಕ್ಷಣ ಸಿಕ್ಕಿತು, ಆದರೂ ಕೇಳಿದಳು.

"ಯಾರದು?"

"ನಾನು ಅತ್ತೆ."

"ಯಾವ ನಾನು?"

"ಹಳೇ ಸೊಸೆ."

ಮಗ ಬಿಟ್ಟುಬಿಟ್ಟ ಹೆಂಡತಿ. ಕೋರ್ಟಿನಲ್ಲಿ ವಿಚ್ಛೇದನದ ಕಾಗದಗಳಾಗಿ, ಸೂಟ್‌ಕೇಸು ಹಿಡಿದು ಈ ಮನೆಯ ಮೆಟ್ಟಿಲಿಳಿದವಳು. ಮಾಜಿ ಮಂತ್ರಿಗಳಿರುವ ಹಾಗೆ ಮಾಜಿ ಸೊಸೆ. ಈಗ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಮಧ್ಯಾಹ್ನದ ಪಾಳಿ. ಅವಳು ಒಳಗೆ ಬಂದು, ಬ್ಯಾಗನ್ನು ಕುರ್ಚಿಗೆ ನೇತುಹಾಕಿ, ಹಾಸಿಗೆಯ ಹತ್ತಿರ ನಿಂತಳು. ಹಾಸಿಗೆ ಒದ್ದೆಯಾಗಿತ್ತು. ಬಾಣದಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಇದನ್ನು ನೋಡಲೆಂದೇ ಬಂದಿದ್ದಾಳೆ, ಕಣ್ತುಂಬ ನೋಡಿಕೊಂಡು ಹೋಗಲಿ ಎಂದುಕೊಂಡಳು. ಸೊಸೆ ಹೆಚ್ಚು ಹೊತ್ತು ನೋಡಲಿಲ್ಲ. ತೋಳಿನ ಬಟ್ಟೆ ಮೇಲಕ್ಕೆ ಮಡಚಿ, ಮುದುಕಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ಹಾಸು ಎಳೆದು, ಒರೆಸಿ, ಒಣ ಹಾಸು ಹಾಕಿದಳು. ಬಿಸಿನೀರು ಕಾಯಿಸಿ ಮೈ ಒರೆಸಿದಳು. ಗೋಡೆಗೆ ಒರಗಿಸಿಟ್ಟಿದ್ದ ವಾಕರನ್ನು ತಂದು ಮುಂದಿಟ್ಟು, "ನಾಳೆ ನಿಂತು ನೋಡೋಣ" ಎಂದಳು.

"ನಿನಗ್ಯಾರು ಹೇಳಿದ್ದು ಬರೋಕೆ?"

"ಮೇಲಿನ ಮನೆ ಮೇಷ್ಟ್ರು ಫೋನ್ ಮಾಡಿದ್ರು. ಎಬ್ಬಿಸೋರು ಯಾರೂ ಇಲ್ಲ ಅಂದ್ರು. ನಂಗೆ ಬೆಳಿಗ್ಗೆ ಬಿಡುವಿದೆ."

"ಅಷ್ಟೇನಾ?"

"ಅಷ್ಟೇ."

ಅಷ್ಟೇ ಎಂಬ ಮಾತು ಬಾಣದಮ್ಮನ ತಲೆಯಲ್ಲಿ ಹುಳ ಬಿಟ್ಟಿತು. ಅಷ್ಟೇ ಎನ್ನುವವರ ಹಿಂದೆ ಬೆಟ್ಟದಷ್ಟು ಇರುತ್ತದೆಂದು ಅವಳ ಅನುಭವ. ಮನೆಗಾಗಿ ಬಂದಿರಬಹುದು. ಮಗನನ್ನು ಮತ್ತೆ ಬಲೆಗೆ ಹಾಕಿಕೊಳ್ಳಲು ಬಂದಿರಬಹುದು. ಅತ್ತೆಯನ್ನು ಕೊನೆಗಾಲದಲ್ಲಿ ನೋಡಿಕೊಂಡ ಮಹಾತಾಯಿ ಎಂದು ಬೀದಿಯವರ ಬಾಯಲ್ಲಿ ಹೆಸರು ಮಾಡಲು ಬಂದಿರಬಹುದು. ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು: ಉಪಕಾರ ಮಾಡಿ ಮಾಡಿಯೇ ತನ್ನನ್ನು ನಾಚಿಕೆಯಿಂದ ಸಾಯಿಸಲು ಬಂದಿರಬಹುದು. ಹಾಗೆ ಮಾಡಲು ಅವಳಿಗೆ ಕಾರಣವಿತ್ತು, ಅದು ಬಾಣದಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಸೊಸೆ ಈ ಮನೆಯಲ್ಲಿದ್ದಾಗ ಬಾಣದಮ್ಮ ಕಾರ್ಖಾನೆಯಿಂದ ಮಿಕ್ಕ ಸ್ಟಿಕ್ಕರ್ ಸುರುಳಿಗಳನ್ನು ಮನೆಗೆ ತರುತ್ತಿದ್ದಳು. ಕಪಾಟಿನ ಮೇಲೆ ಧೂಳಿದ್ದರೆ ಅಲ್ಲೊಂದು ಬಾಣ. ಪಾತ್ರೆಯ ತಳದಲ್ಲಿ ಜಿಡ್ಡಿದ್ದರೆ ಅಲ್ಲೊಂದು. ಬಾಯಿ ಬಿಟ್ಟು ಬೈಯುತ್ತಿರಲಿಲ್ಲ, ಬೈದಿದ್ದರೆ ವಾಸಿಯಿತ್ತು. ಮಗ 'ಅಮ್ಮನ ಆಟ' ಎಂದು ನಗುತ್ತಿದ್ದ. ಸೊಸೆ ಬಾಣ ಕಿತ್ತು, ಆ ಕೆಲಸ ಮತ್ತೆ ಮಾಡುತ್ತಿದ್ದಳು. ಒಮ್ಮೆ ಬಹಳ ದಿನ ಏನೂ ತಪ್ಪು ಸಿಗಲಿಲ್ಲ. ಬಾಣದಮ್ಮನ ಕೈ ತುರಿಸಿತು. ಸೊಸೆ ನೀಟಾಗಿ ಇಸ್ತ್ರಿ ಮಾಡಿಟ್ಟ ಮಗನ ಅಂಗಿಯ ಬೆನ್ನಿಗೆ ಸುಮ್ಮನೆ ಒಂದು ಬಾಣ ಹಾಕಿದಳು. ಸೊಸೆ ಆ ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ತಿರುಗಿಸಿ ಮುರುಗಿಸಿ ನೋಡಿದಳು. ಏನು ತಪ್ಪು ಎಂದು ಕೇಳಲಿಲ್ಲ. ನೀರು ಚಿಮುಕಿಸಿ ಮತ್ತೆ ಇಸ್ತ್ರಿ ಹಾಕಿದಳು. ಬಾಗಿಲ ಸಂದಿಯಿಂದ ಅದನ್ನು ನೋಡಿದ ಬಾಣದಮ್ಮನಿಗೆ ಆ ದಿನ ಹಿತವಾದ ನಿದ್ದೆ ಬಂತು. ಎಂಥ ಹೆಂಗಸು ನೋಡಿ! ಹೇಳಲು ನನಗೇ ಬಾಯಿ ಕಹಿಯಾಗುತ್ತದೆ. ಮಗ ಬೇರೊಬ್ಬಳ ಹಿಂದೆ ಹೋದಾಗಲೂ ಬಾಣದಮ್ಮ ಅಂದದ್ದು ಒಂದೇ ಮಾತು: "ಎಲ್ಲೋ ಏನೋ ಕುಂದಿತ್ತು, ಅದಕ್ಕೇ ಬಿಟ್ಟ."

ಅಂಥ ಮನೆಗೆ ಈಗ ಅದೇ ಹೆಣ್ಣು ದಿನವೂ ಬೆಳಿಗ್ಗೆ ಬರತೊಡಗಿದಳು. ಬರುವುದು, ನೀರು ಕಾಯಿಸುವುದು, ಮೈ ತೊಳೆಸುವುದು, ಕಾಲಿಗೆ ವ್ಯಾಯಾಮ ಮಾಡಿಸುವುದು, ವಾಕರ್ ಹಿಡಿಸಿ ಬಾಗಿಲವರೆಗೆ ನಡೆಸುವುದು, ಊಟ ಮುಚ್ಚಿಟ್ಟು ಹೋಗುವುದು. ನಗುವೂ ಇಲ್ಲ, ಮುನಿಸೂ ಇಲ್ಲ. ಬೆನ್ನು ಉಜ್ಜುವಾಗ ಗಟ್ಟಿಯಾಗಿ ಉಜ್ಜಿ ಸೇಡು ತೀರಿಸಿಕೊಳ್ಳುತ್ತಾಳೋ ಎಂದು ಬಾಣದಮ್ಮ ಮೈಯೆಲ್ಲ ಕಣ್ಣಾಗಿ ಕಾದಳು. ಬೆನ್ನಿಗೆ ಎಷ್ಟು ಬೇಕೋ ಅಷ್ಟೇ ಒತ್ತಡ ಬಿತ್ತು.

ಒಂದು ದಿನ ಬಾಣದಮ್ಮ ಬಲೆ ಹೂಡಿದಳು. ಹಾಸಿಗೆಗೆ ಅಂಟಿಕೊಂಡಂತೆ ಮರದ ಬೀರು. ಮನೆಯ ಪತ್ರ, ಬಳೆ ಎಲ್ಲ ಇರುವುದು ಅದರೊಳಗೆ. ದಿಂಬಿನಡಿಯ ಹಳೆಯ ಸುರುಳಿಯಿಂದ ಒಂದು ಬಾಣ ಕಿತ್ತು, ಬೀರುವಿನ ಎರಡು ಬಾಗಿಲು ಸೇರುವಲ್ಲಿ, ಕಣ್ಣಿಗೆ ಬೀಳದಷ್ಟು ಕೆಳಗೆ ಅಂಟಿಸಿದಳು. ಬಾಗಿಲು ತೆಗೆದರೆ ಬಾಣ ಕೀಳಲೇಬೇಕು. ಮಾರನೆಯ ದಿನ ಸೊಸೆ ಬಟ್ಟೆ ಒಣಹಾಕಿ ಒಳಗೆ ಬರುವ ಹೊತ್ತಿಗೆ ನೋಡಿದರೆ ಬಾಣ ನೆಲದ ಮೇಲೆ ಬಿದ್ದಿತ್ತು. ಬಾಣದಮ್ಮನಿಗೆ ಎಷ್ಟೋ ತಿಂಗಳಿಂದ ಆಗದಷ್ಟು ಖುಷಿಯಾಯಿತು.

"ಬೀರು ಯಾಕೆ ತೆಗೆದೆ?"

"ತೆಗೆದಿಲ್ಲ ಅತ್ತೆ."

"ಸುಳ್ಳು ಹೇಳ್ಬೇಡ. ಬಾಣ ಹೇಗೆ ಬಿತ್ತು ಹಾಗಾದ್ರೆ?"

ಸೊಸೆ ಬಗ್ಗಿ ಬಾಣವನ್ನು ನೋಡಿದಳು. ಬೀರುವನ್ನು ನೋಡಿದಳು. "ಗೊತ್ತಿಲ್ಲ" ಎಂದಳು.

"ಕಳ್ಳತನ ಮಾಡೋಕೆ ಈ ನಾಟಕ ಎಲ್ಲ ಬೇಕಾಗಿತ್ತಾ? ಮೈ ತೊಳೆಸೋದಂತೆ, ನಡೆಸೋದಂತೆ!"

ಸೊಸೆಯ ಮುಖಕ್ಕೆ ರಕ್ತ ನುಗ್ಗಿತು. ಬಕೆಟ್ಟಿನ ನೀರು ಚೆಲ್ಲಿ, ಒರೆಸುವ ಬಟ್ಟೆ ಹಿಂಡಿ ಹರವಿ, ಬ್ಯಾಗು ತೆಗೆದುಕೊಂಡು ಹೊರಟುಹೋದಳು. ಊಟ ಮಾತ್ರ ದಿನದಂತೆ ಮುಚ್ಚಿಟ್ಟಿತ್ತು.

ಮಧ್ಯಾಹ್ನ ಬಾಣದಮ್ಮ ಮುನ್ನೆಚ್ಚರಿಕೆಗೆ ಇನ್ನೊಂದು ಬಾಣ ಅಂಟಿಸಿ, ಅದನ್ನೇ ನೋಡುತ್ತ ಮಲಗಿದಳು. ಫ್ಯಾನು ತಿರುಗುತ್ತಿತ್ತು. ನೋಡುನೋಡುತ್ತಿದ್ದಂತೆ ಬಾಣದ ಒಂದು ತುದಿ ಮೇಲೆದ್ದಿತು, ಸುರುಟಿತು, ಉದುರಿತು. ಬಾಣದಮ್ಮ ನಾಲಗೆ ಕಚ್ಚಿಕೊಂಡಳು. ಆ ಸ್ಟಿಕ್ಕರಿನ ಅಂಟೇ ಹಾಗೆ. ಬಟ್ಟೆಗೆ ಕಲೆಯಾಗಬಾರದೆಂದು, ತಾನಾಗಿ ಬಿಟ್ಟುಹೋಗುವಂತೆ ಮಾಡಿದ್ದು. ಕೆಲಸಕ್ಕೆ ಸೇರಿದ ಹೊಸ ಹುಡುಗಿಯರಿಗೆಲ್ಲ ಇದನ್ನು ಹೇಳಿಕೊಟ್ಟವಳು ಅವಳೇ. ಅಷ್ಟು ವರ್ಷ ಕೈಯಲ್ಲಿ ಆಡಿಸಿದ್ದರ ಗುಣ ಗುಮಾನಿಯ ಭರದಲ್ಲಿ ಮರೆತುಹೋಗಿತ್ತು.

ಆ ಸಂಜೆ ಅವಳಿಗೆ ಊಟ ಇಳಿಯಲಿಲ್ಲ. ಸೊಸೆಗೆ ನೋವಾಯಿತಲ್ಲ ಎಂದು ಖಂಡಿತ ಅಲ್ಲ, ಅಷ್ಟು ಬೇಗ ಕರಗುವ ಹೆಂಗಸಲ್ಲ ಅವಳು. ನಾಳೆ ಯಾರೂ ಬಾರದಿದ್ದರೆ ಆಶ್ರಮವೇ ಗತಿ ಎಂಬ ಭಯ. ಬೆಳಿಗ್ಗೆ ಚಪ್ಪಲಿಯ ಸದ್ದಾಯಿತು. ಸೊಸೆ ದಿನದಂತೆ ಒಳಗೆ ಬಂದು ನೀರು ಕಾಯಿಸಲಿಟ್ಟಳು. ಬಾಣದಮ್ಮ ಕ್ಷಮೆ ಕೇಳಲಿಲ್ಲ. ಬದಲಾಗಿ ಅವಳ ಗುಮಾನಿ ಇನ್ನೊಂದು ಮೆಟ್ಟಿಲು ಹತ್ತಿತು. ಕಳ್ಳಿ ಎನ್ನಿಸಿಕೊಂಡ ಮೇಲೂ ಬರುತ್ತಾರೆಯೇ ಮರ್ಯಾದೆ ಇರುವವರು? ಬರುತ್ತಾರೆಂದರೆ ಅವರಿಗೆ ಬೇಕಾದದ್ದು ಎಷ್ಟು ದೊಡ್ಡದಿರಬೇಕು!

ಮೇಲಿನ ಮನೆಯ ಮೇಷ್ಟ್ರು ಸಂಜೆ ಟೀ ತಂದುಕೊಡುವ ನೆಪದಲ್ಲಿ ಬಂದು ಕೂರುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅವರ ಮಾತಿಗೆ ಕಿವಿಗಳು ಸಿಗುತ್ತಿರಲಿಲ್ಲ, ಹಾಸಿಗೆ ಹಿಡಿದವಳು ಎದ್ದು ಹೋಗುವಂತಿರಲಿಲ್ಲ. ಬಾಣದಮ್ಮ ನೇರವಾಗಿ ಕೇಳಿದಳು.

"ಮೇಷ್ಟ್ರೇ, ಅವಳು ಏನು ಆಸೆಗೆ ಬರ್ತಾಳೆ?"

ಮೇಷ್ಟ್ರ ಮುಖ ಅರಳಿತು. "ಒಳ್ಳೇ ಪ್ರಶ್ನೆ ಬಾಣದಮ್ಮನೋರೇ. ಜನ ಕರ್ಮ ಅಂದ್ರೆ ಹಣೆಬರಹ ಅಂತ ನಿಟ್ಟುಸಿರು ಬಿಡ್ತಾರೆ. ಕರ್ಮ ಅಂದ್ರೆ ಕೆಲಸ. ಕೆಲಸ ಮಾಡದೆ ಒಂದು ಗಳಿಗೆ ಇರೋಕೂ ಯಾರಿಗೂ ಆಗಲ್ಲ. ಮಾಡಿದ್ದು ನಮ್ಮನ್ನ ಕಟ್ಟಿಹಾಕುತ್ತೆ. ಯಾಕೆ? ನಾವು ಅದರ ಫಲಕ್ಕೆ ಕೈಯೊಡ್ಡಿ ನಿಂತಿರ್ತೀವಲ್ಲ, ಅದಕ್ಕೆ. ಕೆಲಸ ಬಿಡಬೇಕಾಗಿಲ್ಲ, ಒಡ್ಡಿದ ಕೈ ಹಿಂದಕ್ಕೆ ತಗೋಬೇಕು. ಅದೇ ನಿಷ್ಕಾಮ ಕರ್ಮ."

"ಅಂದ್ರೆ ಪುಣ್ಯಕ್ಕೆ ಬರ್ತಾಳೆ ಅನ್ನಿ."

"ಅಲ್ಲಲ್ಲ. ಪುಣ್ಯಕ್ಕೆ ಮಾಡಿದ್ರೆ ಅದೂ ವ್ಯಾಪಾರವೇ. ಹೆಸರಿಗೆ ಮಾಡಿದ್ರೂ ವ್ಯಾಪಾರ. ಮಾಡಿದೆ ಅನ್ನೋ ಹೆಮ್ಮೆಗೆ ಮಾಡಿದ್ರೂ ವ್ಯಾಪಾರ. ಮಾಡಬೇಕಾದ್ದು ಅಂತ ಮಾಡೋದು, ಮಾಡಿ ಮರೆಯೋದು. ಮಾಡಿಸಿಕೊಂಡೋರು ಹೊಗಳಿದ್ರೂ ಅಷ್ಟೇ, ತೆಗಳಿದ್ರೂ ಅಷ್ಟೇ."

"ಅಂಥೋರು ಯಾರಾದ್ರೂ ಇದ್ರೆ ತೋರಿಸಿ ನೋಡೋಣ. ನೀವೇ ಇಷ್ಟು ಹೊತ್ತು ಹೇಳಿದ್ರಲ್ಲ, ನಾನು ತಲೆ ಆಡಿಸದೆ ಗೋಡೆ ನೋಡ್ತಾ ಇದ್ದಿದ್ರೆ ಲೋಟ ತಗೊಂಡು ಎದ್ದು ಹೋಗ್ತಿದ್ರೋ ಇಲ್ವೋ?"

ಮೇಷ್ಟ್ರು ಕೆಮ್ಮಿದರು. "ಹೋಗ್ತಿದ್ದೆ ಅನ್ಸುತ್ತೆ" ಎಂದು ಒಪ್ಪಿಕೊಂಡು, ಲೋಟ ತೆಗೆದುಕೊಂಡು ಎದ್ದರು. ಬಾಗಿಲಲ್ಲಿ ನಿಂತು, "ಆದ್ರೆ ಅವಳು ನಿಮ್ಮ ಸೊಸೆ ಆಗಿದ್ದಾಗಿಂದ ನೋಡಿದ್ದೀನಿ. ನಂಗೂ ಅರ್ಥ ಆಗಿಲ್ಲ" ಎಂದರು.

ಅರ್ಥವಾಗದ್ದನ್ನು ಹಾಗೇ ಬಿಡುವ ಜಾಯಮಾನ ಬಾಣದಮ್ಮನದಲ್ಲ. ಮರುದಿನ ಬೀರುವಿನಿಂದ ತಾನೇ ಬಳೆ ತೆಗೆದು ಸೊಸೆಯ ಮುಂದೆ ಚಾಚಿದಳು. "ತಗೋ, ನಿನಗೆ." ತೆಗೆದುಕೊಂಡರೆ ಬಣ್ಣ ಬಯಲಾಯಿತು, ಕಥೆ ಮುಗಿಯಿತು.

"ಬೇಡ ಅತ್ತೆ. ಕೌಂಟರಿನ ಕಿಂಡಿಗೆ ತಾಗುತ್ತೆ."

"ಮನೇಲಿ ಇಟ್ಕೋ."

"ನಂದು ಒಂದೇ ರೂಮು. ಇಡೋಕೆ ಬೀರು ಇಲ್ಲ."

"ಪುಣ್ಯ ಆದ್ರೂ ಬರ್ಲಿ ಅಂತ ಮಾಡ್ತಿದ್ದೀಯಾ?"

"ಬಳೆ ಇಡೋಕೇ ಜಾಗ ಇಲ್ಲ, ಪುಣ್ಯ ಎಲ್ಲಿ ಇಡ್ಲಿ? ಕಾಲು ಎತ್ತಿ."

ಬಾಣದಮ್ಮ ಕಾಲು ಎತ್ತಿದಳು. ಬಳೆ ಬೇಡ ಎನ್ನುವವಳ ಕಣ್ಣು ಮನೆಯ ಮೇಲೇ ಇರಬೇಕೆಂದು ಮನಸ್ಸಿನಲ್ಲಿ ಒಂದು ಬಾಣ ಅಂಟಿಸಿದಳು. ಅದೂ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಮಗನಿಗೆ ಸುದ್ದಿ ಹೇಗೋ ಮುಟ್ಟಿತು. ಫೋನಿನಲ್ಲಿ ಧ್ವನಿ ತಗ್ಗಿಸಿ ಹೇಳಿದ: "ಅಮ್ಮಾ, ಹುಷಾರು. ಯಾವ ಕಾಗದಕ್ಕೂ ಸೈನ್ ಹಾಕ್ಬೇಡ." ಸ್ವಲ್ಪ ತಡೆದು, "ನನ್ನ ವಿಷಯ ಏನಾದ್ರೂ ಕೇಳ್ತಾಳಾ?" ಎಂದ.

"ಇಲ್ಲ."

"ಒಂದ್ಸಲನೂ ಇಲ್ವಾ?"

"ಇಲ್ಲ ಅಂದ್ನಲ್ಲ."

ಅವನ ಧ್ವನಿ ಪೆಚ್ಚಾಯಿತು. ತನ್ನ ಹೊಟ್ಟೆಯಲ್ಲಿ ಹುಟ್ಟಿದವನು ಇಷ್ಟು ಸಣ್ಣವನೇ ಎಂದು ಬಾಣದಮ್ಮನಿಗೆ ಅಂದು ಮೊದಲ ಬಾರಿಗೆ ಅನ್ನಿಸಿತು. ಸೊಸೆಗೆ ಬೇಕಾದದ್ದು ಮಗನೂ ಅಲ್ಲ ಎಂಬುದು ಖಚಿತವಾದ ಮೇಲೆ ಗುಮಾನಿಗೆ ಉಳಿದ ದಾರಿಗಳು ಕಡಿಮೆಯಾದವು. ಬೀದಿಯವರ ಹೊಗಳಿಕೆಯನ್ನೂ ಪರೀಕ್ಷಿಸಿದಳು. ಸೊಸೆ ಬರುವುದು ಎಲ್ಲರೂ ಬಾಗಿಲು ಮುಚ್ಚಿ ಮಲಗಿರುವ ಹೊತ್ತಿಗೆ, ಹೋಗುವಾಗ ತಲೆ ತಗ್ಗಿಸಿಕೊಂಡು ಹೋಗುತ್ತಾಳೆ. ಮೇಷ್ಟ್ರನ್ನು ಬಿಟ್ಟರೆ ಬೀದಿಯಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ.

ಹೀಗೆ ಒಂದೊಂದೇ ಕಾರಣ ಉದುರಿಹೋಗಿ, ಕೊನೆಗೆ ಒಂದೇ ಒಂದು ಉಳಿಯಿತು. ಅದು ಎಷ್ಟು ನಾಜೂಕಾದದ್ದೆಂದರೆ ಬಾಣದಮ್ಮ ಅದನ್ನು ತನಗೆ ತಾನೇ ಹೇಳಿಕೊಳ್ಳಲೂ ಹಿಂಜರಿದಳು. ಒಂದು ಬೆಳಿಗ್ಗೆ ಸೊಸೆ ಅವಳ ತಲೆಗೂದಲಿನ ಸಿಕ್ಕು ಬಿಡಿಸುತ್ತಿದ್ದಳು. ಬೆರಳುಗಳು ಬುಡ ಹಿಡಿದು, ನೋಯದಂತೆ ತುದಿ ಬಿಡಿಸುತ್ತಿದ್ದವು. ಬಾಣದಮ್ಮನ ಕಣ್ಣು ತಾನಾಗಿ ಮುಚ್ಚಿತು. ಇವಳಿಗೆ ನನ್ನ ಮೇಲೆ ಅಕ್ಕರೆ ಇರಬಹುದೇ? ಅನ್ನಿಸಿದ್ದೇ ತಡ, ಮೈ ಬೆಚ್ಚಗಾಯಿತು. ಛೆ, ಇರಲಾರದು ಎಂದುಕೊಂಡಳು. ಇಲ್ಲದಿದ್ದರೆ ಮತ್ತೇಕೆ ಎಂದು ಮರುಕ್ಷಣ ವಾದ ಹೂಡಿದಳು. ಆಯಸ್ಸಿಡೀ ಎಲ್ಲರ ಮೇಲೂ ಅನುಮಾನ ಪಟ್ಟವಳಿಗೆ ಈ ಒಂದು ಅನುಮಾನವನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಅಲ್ಲಿಂದ ಅವಳು ಬೆಳಗಾಗುವ ಮುಂಚೆಯೇ ಎಚ್ಚರವಾಗಿ ಚಪ್ಪಲಿಯ ಸದ್ದಿಗೆ ಕಿವಿ ನಿಮಿರಿಸಿ ಮಲಗುತ್ತಿದ್ದಳು. ಕಾವಲು ಕಾಯುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಸೊಸೆ ಸ್ವಲ್ಪ ತಡವಾದರೆ ಸಿಡಿಮಿಡಿ, ಬಂದರೆ ಕೋಪದ ನಟನೆ. ಕಾರ್ಖಾನೆಯ ಕಥೆಗಳನ್ನು ಹೇಳತೊಡಗಿದಳು. ಸೊಸೆ 'ಹೂಂ' ಎನ್ನುತ್ತಿದ್ದಳು. ಆ ಹೂಂ ಯಾವತ್ತೂ ಹಿಗ್ಗಲಿಲ್ಲ, ಕುಗ್ಗಲೂ ಇಲ್ಲ.

ಇಷ್ಟರಲ್ಲಿ ಕಾಲು ಸುಧಾರಿಸಿತು. ವಾಕರ್ ಹಿಡಿದು ಬಾಗಿಲವರೆಗೆ ಹೋಗುತ್ತಿದ್ದವಳು, ಸೊಸೆ ಇಲ್ಲದ ಮಧ್ಯಾಹ್ನವೊಂದರಲ್ಲಿ ವಾಕರನ್ನು ಪಕ್ಕಕ್ಕಿಟ್ಟು, ಗೋಡೆ ಹಿಡಿದು ಅಡುಗೆಮನೆಗೆ ಹೋಗಿ ಬಂದಳು. ಕುಣಿಯುವಷ್ಟು ಸಂತೋಷವಾಗಬೇಕಿತ್ತು. ಮನೆ ಉಳಿಯಿತು, ಆಶ್ರಮ ತಪ್ಪಿತು, ಮಗನ ಮುಂದೆ ಎದೆ ಸೆಟೆದು ನಿಲ್ಲಬಹುದು. ಹಾಸಿಗೆಯ ಮೇಲೆ ಕೂತು ಬಾಣದಮ್ಮ ಯೋಚಿಸಿದ್ದು ಬೇರೆಯೇ. ನಡೆಯುತ್ತೇನೆಂದು ತಿಳಿದರೆ ಇವಳು ಬರುವುದಿಲ್ಲ.

ಮಾರನೆಯ ದಿನ ಸೊಸೆ ವಾಕರ್ ಮುಂದಿಟ್ಟಾಗ ಬಾಣದಮ್ಮ ನರಳಿದಳು. "ಅಯ್ಯೋ, ಇವತ್ತು ಯಾಕೋ ಹಿಡಿದುಕೊಂಡ ಹಾಗಿದೆ." ನಟನೆಯಲ್ಲಿ ಅವಳು ಪಳಗಿದವಳಲ್ಲ, ಪೆಟ್ಟಾದ ಎಡಗಾಲಿನ ಬದಲು ಬಲಗಾಲು ಎಳೆದು ನಡೆದಳು. ಅದು ಅವಳಿಗೆ ಹೊಳೆದದ್ದು ಬಾಗಿಲು ಮುಟ್ಟಿದ ಮೇಲೆ. ಸೊಸೆ ವಾಕರನ್ನು ಹಾಸಿಗೆಯ ಕಡೆ ತಿರುಗಿಸಿಕೊಟ್ಟಳು. ಊರಿನವರ ಕಳ್ಳತನವನ್ನೆಲ್ಲ ಹಿಡಿಯುತ್ತೇನೆಂದು ಸ್ಟೂಲು ಹತ್ತಿದವಳು ಈಗ ತನ್ನ ಮನೆಯಲ್ಲೇ ಕಳ್ಳಿಯಾಗಿ, ದಿನಕ್ಕೊಂದು ನೋವು ಹುಟ್ಟಿಸಿಕೊಂಡು ಬದುಕತೊಡಗಿದಳು. ನಗು ಬರುತ್ತದೆ, ಆದರೆ ಪೂರ್ತಿ ನಗಲಾಗುವುದಿಲ್ಲ.

ಸಿಕ್ಕಿಬಿದ್ದದ್ದು ಟೀಯಿಂದ. ಒಂದು ದಿನ ಮುಂಜಾನೆ ಬಾಣದಮ್ಮನಿಗೆ ಟೀ ಕುಡಿಯುವ ಆಸೆಯಾಯಿತು. ಸೊಸೆ ಬರಲು ಇನ್ನೂ ಹೊತ್ತಿದೆ ಎಂದು ವಾಕರಿಲ್ಲದೆ ಎದ್ದು ಹೋಗಿ ಒಲೆ ಹಚ್ಚಿ, ಹಾಲು ಬೆರೆಸಿ, ಸೌಟು ಆಡಿಸುತ್ತ ಏನೋ ಗುನುಗುತ್ತ ನಿಂತಿದ್ದಳು. ಚಪ್ಪಲಿಯ ಸದ್ದಾಯಿತು. ಸೊಸೆ ಅಂದು ಬೇಗ ಬಂದಿದ್ದಳು. ಬಾಣದಮ್ಮ ಬಿದ್ದೆನೋ ಎದ್ದೆನೋ ಎಂದು ಬಂದು ಹಾಸಿಗೆಗೆ ಉರುಳಿ, ಹೊದಿಕೆ ಎಳೆದುಕೊಂಡು ನರಳತೊಡಗಿದಳು.

ಸೊಸೆ ಒಳಗೆ ಬಂದಳು. ನರಳುವವಳನ್ನು ನೋಡಿದಳು. ಅಡುಗೆಮನೆಯಲ್ಲಿ ಟೀ ಉಕ್ಕಿ ಒಲೆಯ ಮೇಲೆ ಚೆಲ್ಲುವ ಚುರ್ ಎಂಬ ಸದ್ದು ಕೇಳಿತು. ಹೋಗಿ ಒಲೆ ಆರಿಸಿದಳು. ಮಿಕ್ಕಿದ ಟೀಯನ್ನು ಎರಡು ಲೋಟಕ್ಕೆ ಸೋಸಿ ತಂದು, ಒಂದನ್ನು ಬಾಣದಮ್ಮನ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದು ಕುರ್ಚಿಯಲ್ಲಿ ಕೂತಳು. ಇಷ್ಟು ದಿನದಲ್ಲಿ ಅವಳು ಈ ಮನೆಯಲ್ಲಿ ಕೂತದ್ದು ಅದೇ ಮೊದಲು.

"ಟೀ ಚೆನ್ನಾಗಿದೆ" ಎಂದಳು.

ಬಾಣದಮ್ಮನ ಮುಖ ಸುಟ್ಟ ಬದನೆಕಾಯಿಯಾಯಿತು. "ಯಾವಾಗಿಂದ ಗೊತ್ತು?" ಎಂದು ಕೇಳಿದಳು.

"ನೀವು ಕಾಲು ಬದಲಾಯಿಸಿದ ದಿನದಿಂದ."

"ಮತ್ತೆ ಯಾಕೆ ಬರ್ತಾ ಇದ್ದೆ?"

"ಗಟ್ಟಿಯಾಗ್ಲಿ ಅಂತ. ಈಗ ಗಟ್ಟಿಯಾಗಿದೆ. ಒಲೆ ಹತ್ರ ನಿಂತು ಹಾಡೋ ಅಷ್ಟು." ಲೋಟದ ತಳದಲ್ಲಿ ಉಳಿದದ್ದನ್ನು ಕುಡಿದು, "ನಾಳೆಯಿಂದ ನಾನು ಬರಬೇಕಾಗಿಲ್ಲ" ಎಂದಳು.

ಬಾಣದಮ್ಮ ಲೋಟ ಕೆಳಗಿಟ್ಟಳು. ಇಷ್ಟು ದಿನ ತಡೆದಿಟ್ಟದ್ದು ಹೊರಗೆ ಬಂತು.

"ಒಂದು ಮಾತು ಹೇಳು. ಸುಳ್ಳು ಬೇಡ. ನಿನಗೆ ನನ್ನ ಮೇಲೆ ಪ್ರೀತಿನಾ?"

ಸೊಸೆ ಯೋಚಿಸಿದಳು. ಥಟ್ಟನೆ ಹೇಳಿದ್ದರೆ ಸಿಟ್ಟಿಗೆ ಹೇಳಿದಳು ಎಂದುಕೊಳ್ಳಬಹುದಿತ್ತು. ಅವಳು ನಿಜವಾಗಿಯೂ ಹುಡುಕಿ ನೋಡಿ ಹೇಳಿದಳು.

"ಇಲ್ಲ ಅತ್ತೆ."

"ಒಂದು ಚೂರೂ?"

"ಇಲ್ಲ."

"ಸಿಟ್ಟು?"

"ಇತ್ತು. ತುಂಬಾ ಇತ್ತು. ನೀವು ಕಳ್ಳಿ ಅಂದ ದಿನ ಬಸ್ಸಲ್ಲಿ ಕೂತು ಅತ್ಬಿಟ್ಟೆ. ಮಾರನೇ ದಿನ ಬೆನ್ನು ಉಜ್ಜೋವಾಗ ಸಿಟ್ಟು ಎಲ್ಲಿದೆ ಅಂತ ನೋಡ್ಕೊಂಡೆ, ಸಿಗ್ಲಿಲ್ಲ. ಬೆನ್ನು ಕೊಳೆಯಾಗಿತ್ತು, ಉಜ್ಜಿದೆ."

"ಪ್ರೀತಿ ಇಲ್ಲ, ಸಿಟ್ಟು ಇಲ್ಲ, ಏನೂ ಬೇಡ. ಹಾಗಾದ್ರೆ ನಾನು ನಿನಗೆ ಯಾರು?"

"ಎದ್ದೇಳೋಕೆ ಆಗದೆ ಇದ್ದೋರು" ಎಂದಳು ಸೊಸೆ. "ಈಗ ಎದ್ದಿದ್ದೀರಿ."

ಅದರಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಬಾಣದಮ್ಮ ಅದನ್ನು ಎದೆಗೆ ಅವಚಿಕೊಂಡು ಇಟ್ಟುಕೊಳ್ಳುತ್ತಿದ್ದಳು, ತನಗೆಂದು ಬಂದ ವಸ್ತು ಅದೊಂದಾದರೂ ಆಗುತ್ತಿತ್ತು. ಸೊಸೆಯನ್ನು ಹೊಲಿಗೆ ಹೊಲಿಗೆಯಾಗಿ ಜಗ್ಗಿ ನೋಡಿದ್ದಳು. ಎಲ್ಲಿ ಮುಟ್ಟಿದರೂ ಕುಂದಿರಲಿಲ್ಲ. ಕುಂದಿಲ್ಲದ್ದನ್ನು ಹಿಡಿದುಕೊಂಡು ಏನು ಮಾಡಬೇಕೆಂದು ಯಾರೂ ಅವಳಿಗೆ ಕಲಿಸಿರಲಿಲ್ಲ. ಅವಳು ಅತ್ತಳು. ಸದ್ದು ಮಾಡಿಯೇ ಅತ್ತಳು. ಸೊಸೆ ಎದ್ದು ಬಂದು ಸಮಾಧಾನ ಮಾಡಲಿಲ್ಲ, ಎದ್ದು ಹೋಗಲೂ ಇಲ್ಲ. ಅಳು ಮುಗಿಯುವವರೆಗೆ ಕೂತಿದ್ದು, ಲೋಟಗಳನ್ನು ತೊಳೆದಿಟ್ಟು, ಒಲೆಯ ಮೇಲೆ ಚೆಲ್ಲಿದ್ದನ್ನು ಒರೆಸಿ, ಬ್ಯಾಗು ಹೆಗಲಿಗೆ ಹಾಕಿಕೊಂಡಳು.

"ಸುಮ್ನೆ ಬಂದು ಹೋಗೋಕಾಗಲ್ವಾ? ಯಾವಾಗಾದ್ರೂ? ಕೆಲಸ ಇಲ್ದೆ?"

ಸೊಸೆ ತಲೆಯಾಡಿಸಿದಳು. "ಈ ಮನೆಗೆ ಸುಮ್ನೆ ಬರೋಕೆ ನಂಗೆ ಆಗಲ್ಲ ಅತ್ತೆ." ಅಷ್ಟು ದಿನದಲ್ಲಿ ಅವಳು ತನಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ಹೇಳಿದ್ದು ಅದೊಂದೇ.

ಬಾಗಿಲ ಬಳಿ ಚಪ್ಪಲಿ ಮೆಟ್ಟುವ ಸದ್ದಾಯಿತು. ಬಾಣದಮ್ಮ ಹಾಸಿಗೆಯಿಂದಲೇ ಕೂಗಿದಳು.

"ಮತ್ತೆ ಬಿದ್ರೆ?"

ಸದ್ದು ನಿಂತಿತು. "ಬಿದ್ರೆ ಬರ್ತೀನಿ" ಎಂದಳು ಸೊಸೆ, ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳುವ ಧ್ವನಿಯಲ್ಲಿ. ಒಂದು ಹೆಜ್ಜೆ ಇಟ್ಟು ಮತ್ತೆ ನಿಂತಳು. "ಬೇಕಂತ ಬೀಳಬೇಡಿ."

ಬಾಣದಮ್ಮನ ತಲೆಯಲ್ಲಿ ಆಗತಾನೇ ಹಣಕಿದ್ದು ಅದೇ ಆಗಿತ್ತು. ಬಿದ್ದರೆ ಇವಳು ಬಂದೇ ಬರುತ್ತಾಳೆ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಬದುಕಿನಲ್ಲಿ ಒಬ್ಬರ ಮಾತನ್ನು ಅವಳು ಪರೀಕ್ಷೆಯಿಲ್ಲದೆ ನಂಬಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಚಪ್ಪಲಿಯ ಸದ್ದಾಗಲಿಲ್ಲ. ಬಾಣದಮ್ಮ ತಾನೇ ಎದ್ದು ನೀರು ಕಾಯಿಸಿದಳು. ಬಚ್ಚಲಿಗೆ ಬಂದಾಗ ನೆಲದ ಮೇಲೆ ಸೋಪಿನ ನೀರು ನಿಂತಿತ್ತು. ಹೊಸ್ತಿಲ ಮೇಲೆ ನಿಂತು ಆ ನೀರನ್ನು ಬಹಳ ಹೊತ್ತು ನೋಡಿದಳು. ಒಂದು ಹೆಜ್ಜೆ ಸಾಕಿತ್ತು. ಆಮೇಲೆ ಮೂಲೆಯಲ್ಲಿದ್ದ ವೈಪರ್ ತೆಗೆದುಕೊಂಡು, ಒಂದು ಹನಿಯೂ ಉಳಿಯದಂತೆ ನೀರನ್ನೆಲ್ಲ ಮೋರಿಗೆ ತಳ್ಳಿದಳು. ಗೋಡೆ ಹಿಡಿದು, ನಿಧಾನವಾಗಿ ಹೆಜ್ಜೆಯಿಟ್ಟು ಒಳಗೆ ಹೋದಳು.